ಮೂಳೆ ಟೊಳ್ಳಾಗುವುದು, ಜಾರಿ ಬೀಳುವುದು, ಸೊಂಟ ಮುರಿಯುವುದು: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್. ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಿಗೆ ಹೋಗಿ, ಮೂಳೆ ಮುರಿದುಕೊಂಡ ಹಿರಿಯರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಮಳೆ ಹಿಡಿಯಿತು ಅಂದರೆ ಫೋನ್ ಶುರುವಾಗುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಮಾತ್ರೆ ಬರೆಯುವವನು ನಾನಲ್ಲ, ಅದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಮಾತಾಡಬೇಕು. ಅವರ ಹತ್ತಿರ ಏನು ಕೇಳಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಬಲ್ಲೆ.

ಅಮ್ಮ ಜೋರಾಗೇನೂ ಬೀಳಲಿಲ್ಲ. ಜಗಲಿ ಮೆಟ್ಟಿಲ ಹತ್ತಿರ ಕಾಲು ಜಾರಿ ಕೂತರು, ಅಷ್ಟೇ. ಅಷ್ಟಕ್ಕೇ ಸೊಂಟ ಮುರಿಯುತ್ತಾ?

ಮುರಿಯುತ್ತದೆ. (ಸೊಂಟ ಅಂದರೆ ಇಲ್ಲಿ ಸೊಂಟದ ಕೀಲಿನ ಹತ್ತಿರ ಇರುವ ತೊಡೆಮೂಳೆಯ ಮೇಲ್ತುದಿ.) ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತು ಅಂದರೆ ಆ ಮೂಳೆ ಮೊದಲೇ ಬಲ ಕಳೆದುಕೊಂಡಿತ್ತು ಅಂತಲೇ ಲೆಕ್ಕ. ಇದಕ್ಕೆ ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ. ಮೂಳೆಯಲ್ಲಿ ಹಳೆಯದನ್ನು ಕರಗಿಸುವುದು, ಹೊಸದನ್ನು ಕಟ್ಟುವುದು ಎರಡೂ ಜೀವನಪೂರ್ತಿ ನಡೆಯುತ್ತಲೇ ಇರುತ್ತವೆ. ಮೂವತ್ತರ ಆಸುಪಾಸಿನಲ್ಲಿ ಮೂಳೆ ತನ್ನ ಪೂರ್ತಿ ಗಟ್ಟಿತನಕ್ಕೆ ಬಂದಿರುತ್ತದೆ, ಆಮೇಲೆ ನಿಧಾನಕ್ಕೆ ಕಟ್ಟುವುದಕ್ಕಿಂತ ಕರಗುವುದೇ ಜಾಸ್ತಿ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಐದಾರು ವರ್ಷ ಇದು ತುಂಬ ಜೋರು. ನೋವಿಲ್ಲ, ಊತ ಇಲ್ಲ, ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುರಿದ ದಿನವೇ.

ಅಜ್ಜಿಗೆ ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಎರಡೂ ಒಂದೇನಾ?

ಅಲ್ಲ. ಮಂಡಿ ಸವೆತ ಕೀಲಿನ ತೊಂದರೆ. ನೋಯುತ್ತದೆ, ಬೆಳಿಗ್ಗೆ ಎದ್ದಾಗ ಹಿಡಿದುಕೊಳ್ಳುತ್ತದೆ. ಮೂಳೆ ಟೊಳ್ಳಾಗುವುದು ಬೇರೆ, ಅದು ನೋಯುವುದೇ ಇಲ್ಲ. ಆದರೆ ಮಂಡಿ ನೋವಿದ್ದವರು ಕಾಲು ಸರಿಯಾಗಿ ಎತ್ತಿಡುವುದಿಲ್ಲ, ಎಳೆದುಕೊಂಡು ನಡೆಯುತ್ತಾರೆ, ಎಡವುತ್ತಾರೆ. ಹಾಗಾಗಿ ಎರಡೂ ಒಬ್ಬರಲ್ಲೇ ಇದ್ದರೆ ಹುಷಾರಾಗಿರಬೇಕು.

ನಮ್ಮ ಕಡೆ ಹಂದಿಗೋಡು ಕಾಯಿಲೆ ಅಂತ ಇದೆಯಲ್ಲ, ಅದೂ ಇದೇನಾ?

ಸಾಗರ ತಾಲೂಕಿನವರು ಇದನ್ನು ಕೇಳದೆ ಬಿಡುವುದಿಲ್ಲ. ಅದು ಬೇರೆಯೇ ಕಾಯಿಲೆ. 1970ರ ದಶಕದಲ್ಲಿ ಹಂದಿಗೋಡು ಗ್ರಾಮದಲ್ಲಿ ಮೊದಲು ಬೆಳಕಿಗೆ ಬಂದಿದ್ದರಿಂದ ಆ ಹೆಸರು. ಸೊಂಟ, ಮಂಡಿಯ ಕೀಲುಗಳು ಕೆಡುತ್ತವೆ, ಕೆಲವರ ಬೆಳವಣಿಗೆಯೇ ಕುಂಠಿತವಾಗುತ್ತದೆ. ವಂಶಪಾರಂಪರ್ಯವಾಗಿ ಬರುತ್ತದೆ, ಎಳೆಯ ವಯಸ್ಸಿನಲ್ಲೂ ಶುರುವಾಗುತ್ತದೆ. ವಯಸ್ಸಾದ ಮೇಲೆ ಮೂಳೆ ಟೊಳ್ಳಾಗುವುದು ಯಾವ ಊರು, ಯಾವ ಮನೆತನ ಅಂತ ನೋಡುವುದಿಲ್ಲ.

ಇದು ಹೆಂಗಸರ ಕಾಯಿಲೆ ಅಲ್ವಾ?

ಹೆಂಗಸರಲ್ಲಿ ಜಾಸ್ತಿ, ನಿಜ. ಐವತ್ತು ದಾಟಿದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗೆ, ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ಮುಂದೆ ಯಾವತ್ತಾದರೂ ಇಂಥ ಮುರಿತ ಆಗುತ್ತದೆ ಅನ್ನುವುದು ಜಗತ್ತಿನ ಒಟ್ಟಾರೆ ಅಂದಾಜು. ಗಂಡಸರಿಗೆ ಕಡಿಮೆ ಅಂದುಕೊಂಡು ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ಸೊಂಟ ಮುರಿದ ಮೇಲೆ ಹೆಚ್ಚು ಬೇಗ ಸೋಲುವವರು ಅವರೇ.

ಇನ್ನು ಯಾರಿಗೆ ಅಪಾಯ ಜಾಸ್ತಿ ಅಂದರೆ, ತುಂಬ ಸಣ್ಣಗಿರುವವರಿಗೆ, ಬೇಗ ಮುಟ್ಟು ನಿಂತವರಿಗೆ, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ, ಅಪ್ಪ ಅಮ್ಮನಿಗೆ ಸೊಂಟ ಮುರಿದಿದ್ದವರಿಗೆ, ಬೀಡಿ, ಹೊಗೆಸೊಪ್ಪು, ಕುಡಿತ ಇರುವವರಿಗೆ. ಎಲ್ಲಕ್ಕಿಂತ ಮುಖ್ಯ ಸ್ಟಿರಾಯ್ಡ್. ಉಬ್ಬಸಕ್ಕೋ ಸಂಧಿವಾತಕ್ಕೋ ಮೂರು ತಿಂಗಳಿಗಿಂತ ಹೆಚ್ಚು ಸ್ಟಿರಾಯ್ಡ್ ಮಾತ್ರೆ ತಿಂದಿದ್ದರೆ ಮೂಳೆಯ ವಿಷಯ ಕೇಳಲೇಬೇಕು. ಇದರಲ್ಲೊಂದು ಕಿರಿಕಿರಿ ಇದೆ. ಸಂತೆಯಲ್ಲೋ ಯಾರದೋ ಮನೆಯಲ್ಲೋ ಕಾಗದದ ಪೊಟ್ಟಣದಲ್ಲಿ 'ನೋವಿನ ಪುಡಿ' ಸಿಗುತ್ತದಲ್ಲ, ಹೆಸರಿಲ್ಲ, ಚೀಟಿ ಇಲ್ಲ, ತಿಂದ ಮರುದಿನವೇ ಮಂಡಿ ನೋವು ಮಾಯ, ಊಟ ಚೆನ್ನಾಗಿ ಸೇರುತ್ತದೆ, ಮುಖ ದುಂಡಗಾಗುತ್ತದೆ. ಅಂಥದ್ದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಬಹಳ. ಬಹಳ ದಿನ ತಿಂದಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರ್ ಹತ್ತಿರ ಹೋಗಿ.

ಎರಡು ವರ್ಷದ ಹಿಂದೆ ಅತ್ತೆ ಬಿದ್ದು ಮುಂಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿ ಸರಿಹೋಯಿತು. ಈಗ ಯೋಚನೆ ಮಾಡುವಂಥದ್ದು ಏನಾದರೂ ಇದೆಯಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಸೊಂಟ ಮುರಿದವರ ಮನೆಗೆ ಹೋದಾಗ ನಾನು 'ಇದಕ್ಕೆ ಮುಂಚೆ ಎಲ್ಲಾದರೂ ಮುರಿದಿತ್ತಾ' ಅಂತ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಒಳಗಿಂದ ಯಾರಾದರೂ 'ಕೈ ಮುರಿದಿತ್ತಲ್ಲ, ಆ ವರ್ಷ ಹಬ್ಬದಲ್ಲಿ' ಅನ್ನುತ್ತಾರೆ. ಐವತ್ತೈದು, ಅರವತ್ತರ ವಯಸ್ಸಿನಲ್ಲಿ ಸುಮ್ನೆ ಜಾರಿ ಬಿದ್ದು ಕೈಯೂರಿದಾಗ ಮುಂಗೈ ಮುರಿಯುವುದು ಬಹಳ ಸಲ ಮೊದಲ ಎಚ್ಚರಿಕೆ. ಒಮ್ಮೆ ಹೀಗೆ ಮುರಿದವರಿಗೆ ಇನ್ನೊಂದು ಮೂಳೆ ಮುರಿಯುವ ಅಪಾಯ ಸುಮಾರು ಎರಡು ಪಟ್ಟು. ಪ್ಲಾಸ್ಟರ್ ಬಿಚ್ಚಿದ ದಿನ ಎಲ್ಲರೂ 'ಕೈ ಆಡುತ್ತಾ' ಅಂತ ನೋಡುತ್ತಾರೆ, 'ಮುರಿದಿದ್ದು ಯಾಕೆ' ಅಂತ ಕೇಳುವುದಿಲ್ಲ. ಆಸ್ಪತ್ರೆಯಲ್ಲೂ ರಶ್ಶು, ಮನೆಯವರಿಗೂ ಗದ್ದೆ ನಾಟಿ, ಮುಗಿಯಿತು. ನಿಮ್ಮ ಅತ್ತೆಯನ್ನು ಈಗಲಾದರೂ ಕರೆದುಕೊಂಡು ಹೋಗಿ, ಹಳೆಯ ಎಕ್ಸ್‌ರೇ ಇದ್ದರೆ ಹಿಡಿದುಕೊಂಡು ಹೋಗಿ, 'ಮೂಳೆ ಟೊಳ್ಳಾಗಿದೆಯಾ ನೋಡಬೇಕು' ಅಂತ ಬಾಯಿ ಬಿಟ್ಟು ಕೇಳಿ. ತಡ ಆಯಿತು ಅಂತೇನಿಲ್ಲ.

ಯಾವ ಪರೀಕ್ಷೆ? ಕ್ಯಾಂಪ್‌ನಲ್ಲಿ ಹಿಮ್ಮಡಿ ಇಟ್ಟು ನೋಡಿದರಲ್ಲ, ಸಾಲದಾ?

ಸಾಲದು. ಹಿಮ್ಮಡಿಯ ಅಲ್ಟ್ರಾಸೌಂಡ್ ಒಂದು ಅಂದಾಜು, ಅಷ್ಟೇ. ಅದರಲ್ಲಿ ಕಡಿಮೆ ಬಂತು ಅಂತ ಹೆದರಿ ಅಲ್ಲೇ ಮಾರುವ ಡಬ್ಬ ತರುವುದೂ ಬೇಡ, ಚೆನ್ನಾಗಿದೆ ಅಂದರು ಅಂತ ನಿರಾಳವಾಗುವುದೂ ಬೇಡ. ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆ ಅಳೆಯುತ್ತದೆ. ಹತ್ತು ಹದಿನೈದು ನಿಮಿಷ ಮಲಗಿದರೆ ಆಯಿತು, ಚುಚ್ಚುವುದಿಲ್ಲ, ವಿಕಿರಣ ತೀರಾ ಕಡಿಮೆ. ಟಿ-ಸ್ಕೋರ್ ಅಂತ ಒಂದು ಸಂಖ್ಯೆ ಬರುತ್ತದೆ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್. ಎಲ್ಲ ತಾಲೂಕಿನಲ್ಲೂ ಈ ಯಂತ್ರ ಇರುವುದಿಲ್ಲ, ಹತ್ತಿರದಲ್ಲಿ ಎಲ್ಲಿ ಅಂತ ಆರ್ಥೋ (ಮೂಳೆಯ) ಡಾಕ್ಟರನ್ನೇ ಕೇಳಿ. ಒಂದು ಮಾತು: ಸೊಂಟ ಅಥವಾ ಬೆನ್ನುಮೂಳೆ ಆಗಲೇ ಬಿದ್ದು ಮುರಿದಿದ್ದರೆ ಸ್ಕ್ಯಾನ್‌ಗೆ ಕಾಯದೆ ಚಿಕಿತ್ಸೆ ಶುರು ಮಾಡಬಹುದು.

ಅಪ್ಪ ಗಿಡ್ಡ ಆಗ್ತಾ ಇದ್ದಾರೆ ಅನ್ನಿಸುತ್ತೆ. ಗೂನು ಬಂದಿದೆ. ವಯಸ್ಸಿಗೆ ಸಹಜ ಅಲ್ವಾ?

ಸ್ವಲ್ಪ ಸಹಜ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಸಹಜ ಅನ್ನಬೇಡಿ, ಬೆನ್ನಿನ ಎಕ್ಸ್‌ರೇ ತೆಗೆಸಿ. ಬೆನ್ನುಮೂಳೆಯ ಮಣಿಗಳು ಕುಸಿದಿರಬಹುದು. ಇದಕ್ಕೆ ಬೀಳಲೇಬೇಕು ಅಂತಿಲ್ಲ, ಬಗ್ಗಿ ನೀರಿನ ಕೊಡ ಎತ್ತಿದರೂ ಸಾಕು. ಇಂಥ ಮುರಿತಗಳಲ್ಲಿ ಮೂರನೇ ಎರಡರಷ್ಟು ಯಾರ ಗಮನಕ್ಕೂ ಬರುವುದಿಲ್ಲ. 'ಬೆನ್ನು ಹಿಡಿದಿದೆ' ಅಂತ ಎಣ್ಣೆ ತಿಕ್ಕಿಕೊಂಡು ದಿನ ದೂಡುತ್ತಾರೆ.

ಮನೆಯಲ್ಲಿ ಬೀಳದ ಹಾಗೆ ಏನು ಮಾಡಬೇಕು? ಹಳೇ ಮನೆ, ಒಡೆದು ಕಟ್ಟೋಕೆ ಆಗಲ್ಲ.

ಒಡೆಯುವುದು ಬೇಡ. ಮೊದಲು ಒಂದು ದಾರಿ ಮಾತ್ರ ನೋಡಿ: ರಾತ್ರಿ ಹಾಸಿಗೆಯಿಂದ ಬಚ್ಚಲಿಗೆ, ವಾಪಸ್ಸು ಹಾಸಿಗೆಗೆ. ನಾನು ನೋಡಿದ ಹಳೇ ಮನೆಗಳಲ್ಲಿ ಈ ದಾರಿಯಲ್ಲೇ ಎಲ್ಲ ಇರುತ್ತದೆ. ಹೊಸನಗರದ ಹತ್ತಿರದ ಒಂದು ಮನೆ ಹೇಳುತ್ತೇನೆ. ನಡುಮನೆಯಲ್ಲಿ ಅಜ್ಜಿಯ ಮಂಚ. ಅಲ್ಲಿಂದ ಅಡುಗೆಮನೆಗೆ ಎತ್ತರದ ಹೊಸಿಲು, ಅಡುಗೆಮನೆ ದಾಟಿ ಹಿತ್ತಿಲ ಬಾಗಿಲು, ಇನ್ನೊಂದು ಹೊಸಿಲು, ಎರಡು ಮೆಟ್ಟಿಲು ಕೆಳಗೆ ಬಚ್ಚಲು. ಬಚ್ಚಲಲ್ಲಿ ಹಂಡೆ ಒಲೆ, ಪಕ್ಕದಲ್ಲಿ ಸೌದೆ, ಸಣ್ಣಗೆ ನೀರು ಸೋರುತ್ತಲೇ ಇರುವ ನಲ್ಲಿ, ನುಣ್ಣಗಾದ ಕಲ್ಲು. ಬಲ್ಬು ಇದೆ, ಸ್ವಿಚ್ಚು ಮಾತ್ರ ಬಚ್ಚಲಿನ ಒಳಗೆ! ಅಂದರೆ ಮೆಟ್ಟಿಲು ಇಳಿದಾದ ಮೇಲೆ ಬೆಳಕು. ಕರೆಂಟು ಹೋದರೆ ಅದೂ ಇಲ್ಲ. ಅಜ್ಜಿ ಮೂವತ್ತು ವರ್ಷ ಕತ್ತಲಲ್ಲೇ ಓಡಾಡಿದ್ದಾರೆ, 'ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು' ಅನ್ನುತ್ತಿದ್ದರು. ದಾರಿ ಗೊತ್ತಿತ್ತು, ನಿಜ. ಕಾಲಿಗೆ ಮೊದಲಿನ ಬಲ ಇರಲಿಲ್ಲ.

ಅಲ್ಲಿ ಮಾಡಿದ್ದು ಇಷ್ಟು. ಕರೆಂಟು ಹೋದರೂ ಉರಿಯುವ ಚಾರ್ಜಿಂಗ್ ಬಲ್ಬು, ಮಂಚದ ಪಕ್ಕ ಒಂದು ಟಾರ್ಚು. ಹೊಸಿಲುಗಳ ಅಂಚಿಗೆ ಬಿಳಿ ಬಣ್ಣದ ಪಟ್ಟಿ. ಮೆಟ್ಟಿಲ ಪಕ್ಕ ಮತ್ತು ಬಚ್ಚಲ ಗೋಡೆಗೆ ಜಿಐ ಪೈಪಿನ ಹಿಡಿಕೆ, ಗೋಡೆಗೆ ಆಳವಾಗಿ ಬೋಲ್ಟ್ ಕೂರಿಸಿ (ಟವೆಲ್ ಹಾಕುವ ಕಂಬಿ ನಂಬಬೇಡಿ, ಭಾರ ಬಿದ್ದರೆ ಕಂಬಿ ಸಮೇತ ಬರುತ್ತದೆ). ಸ್ನಾನಕ್ಕೆ ತಗ್ಗು ಮಣೆಯ ಬದಲು ಕುರ್ಚಿ ಎತ್ತರದ ಗಟ್ಟಿ ಸ್ಟೂಲು. ನೆಲಕ್ಕೆ ರಬ್ಬರ್ ತಳದ ಮ್ಯಾಟು. ರಾತ್ರಿ ಮಾತ್ರ ಮಂಚದ ಪಕ್ಕ ಕಮೋಡ್ ಕುರ್ಚಿ. ಅಜ್ಜಿ ಒಪ್ಪಲು ಬಹಳ ದಿನ ಹಿಡಿಯಿತು, 'ಮಲಗೋ ಕಡೆ ಅದೆಲ್ಲ ಇಡ್ತಾರಾ' ಅಂತ. ಮಡಿ, ಮುಜುಗರ ಎರಡೂ ಇರುತ್ತವೆ. ಅವರನ್ನು ಬೈಯಬೇಡಿ, ಮಳೆಗಾಲಕ್ಕೆ ಮಾತ್ರ ಅಂತ ಶುರು ಮಾಡಿ.

ಎಣ್ಣೆ ಸ್ನಾನದ ದಿನ ವಿಶೇಷ ಎಚ್ಚರ ಬೇಕು. ಅಂಗಾಲಿಗೆ ಎಣ್ಣೆ ಹಚ್ಚುವುದಾದರೆ ಬಚ್ಚಲಿಗೆ ಹೋಗಿ ಕೂತ ಮೇಲೇ ಹಚ್ಚಿ. ಬಿಸಿಬಿಸಿ ನೀರು ಹೊಯ್ದುಕೊಂಡು ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ದೀಪಾವಳಿ ಅಭ್ಯಂಜನಕ್ಕೆ ಬೆಳಗಿನ ಜಾವ ಎಲ್ಲರೂ ಗಡಿಬಿಡಿಯಲ್ಲಿ ಇರುತ್ತಾರೆ, ಆ ದಿನ ಹಿರಿಯರ ಜೊತೆ ಒಬ್ಬರು ಇರಲಿ.

ಇನ್ನು ಸವೆದ ಹವಾಯಿ ಚಪ್ಪಲಿ, ನೆಲ ಗುಡಿಸುವಷ್ಟು ಉದ್ದದ ನೈಟಿ, ಕಾಲೊರಸಿನ ಬದಲು ಹಾಕಿದ ಹಳೇ ಸೀರೆ ತುಂಡು, ಕಾಲಿಗೆ ಸುತ್ತಿಕೊಳ್ಳುವ ಬೆಕ್ಕು. ಬೆಕ್ಕಿಗೆ ನನ್ನ ಹತ್ತಿರ ಪರಿಹಾರ ಇಲ್ಲ.

ಅಪ್ಪ ಎದ್ದ ತಕ್ಷಣ ತಲೆ ಸುತ್ತುತ್ತೆ ಅಂತಾರೆ. ವಯಸ್ಸಿನ ನಿಶ್ಶಕ್ತಿನಾ?

ಮಾತ್ರೆ ಡಬ್ಬ ನೋಡಿ ಮೊದಲು. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳು ನಿಂತಾಗ ಬಿಪಿ ಇಳಿಸುತ್ತವೆ ಅಥವಾ ಮಂಪರು ತರುತ್ತವೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಬಿಪಿ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಯವರಾದರೆ ಸಕ್ಕರೆ ಇಳಿದಿದೆಯಾ ನೋಡಿ, ಪಾದ ಜೋಮು ಹಿಡಿದಿದೆಯಾ ಕೇಳಿ. ಕಣ್ಣಿನ ಪೊರೆ ಆಪರೇಷನ್ 'ಮುಂದಿನ ಬೇಸಿಗೆಗೆ' ಅಂತ ಮುಂದಕ್ಕೆ ಹಾಕುತ್ತಿದ್ದರೆ ಈ ಬೇಸಿಗೆಗೇ ಮಾಡಿಸಿಬಿಡಿ.

ಬಿದ್ದುಬಿಟ್ಟರು. ಈಗ ಏನು ಮಾಡಬೇಕು?

ಎಳೆದು ನಿಲ್ಲಿಸಬೇಡಿ. ನಮ್ಮ ಜನ ಮೊದಲು ಮಾಡುವುದೇ ಅದು, ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ 'ನಡಿ ನೋಡಣ' ಅನ್ನುವುದು. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಮಲಗಿದ್ದರೆ ಸೊಂಟ ಮುರಿದಿದೆ ಅಂತಲೇ ತಿಳಿಯಿರಿ. ತೊಡೆಸಂದಿಯಲ್ಲಿ ನೋವು, ಕಾಲೂರಲು ಆಗುತ್ತಿಲ್ಲ ಅಂದರೂ ಅಷ್ಟೇ. ಕೆಲವೊಮ್ಮೆ ಮುರಿದ ತುದಿಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೆರಡು ದಿನ ಕುಂಟುತ್ತ ನಡೆಯುತ್ತಾರೆ, ಆಮೇಲೆ ಜಾರುತ್ತದೆ. ಕಾಲಿನ ಎರಡೂ ಬದಿ ದಿಂಬು ಒತ್ತಿ ಅಲುಗದ ಹಾಗೆ ಇಡಿ, ಕಂಬಳಿ ಹೊದೆಸಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಮನೆವರೆಗೆ ಬರದ ಜಾಗ ಆದರೆ ಹಲಗೆಯ ಮೇಲೆ ಮಲಗಿಸಿ ರಸ್ತೆಗೆ ತನ್ನಿ. ಆಪರೇಷನ್ ಬೇಕಾಗಬಹುದು, ಕಾಫಿ ತಿಂಡಿ ಕೊಡಬೇಡಿ. ತಲೆಗೆ ಪೆಟ್ಟು ಬಿದ್ದು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ, ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿದರೆ ಆಗಲ್ವಾ? ನಮ್ಮ ಭಾವನಿಗೆ ಕೈ ಸರಿ ಆಯಿತು.

ಕೈಯದ್ದು ಬೇರೆ ಮಾತು. ತೊಡೆಮೂಳೆಯ ಕುತ್ತಿಗೆ (ಮೇಲ್ತುದಿಯ ಸಪೂರ ಭಾಗ) ಮುರಿದರೆ ಅದರ ತಲೆಗೆ (ಕೀಲಿನೊಳಗಿನ ಗುಂಡು ಭಾಗಕ್ಕೆ) ಹೋಗುವ ರಕ್ತವೇ ನಿಂತುಹೋಗಬಹುದು. ಹೊರಗಿಂದ ಎಷ್ಟು ಬಿಗಿದು ಕಟ್ಟಿದರೂ ಆ ಜಾಗಕ್ಕೆ ಹಿಡಿತ ಸಿಗುವುದಿಲ್ಲ, ಸುತ್ತ ದೊಡ್ಡ ದೊಡ್ಡ ಸ್ನಾಯುಗಳಿವೆ. ಕಟ್ಟು, ತಿಕ್ಕುವುದು, ಎಳೆಯುವುದು ಅಂತ ವಾರಗಟ್ಟಲೆ ಕಳೆದು ಬಂದವರನ್ನು ನೋಡಿದ್ದೇನೆ. ಬೆನ್ನಿನ ಕೆಳಗೆ ಹುಣ್ಣಾಗಿರುತ್ತದೆ. ನಾಟಿ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ, ಅವರಲ್ಲೇ ಕೆಲವರು 'ಇದು ನನ್ನ ಕೈಲಿ ಆಗಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ' ಅಂತ ಕಳಿಸುತ್ತಾರೆ.

ಎಂಬತ್ತಾರು ವರ್ಷ. ಈ ವಯಸ್ಸಲ್ಲಿ ಆಪರೇಷನ್ ಯಾಕೆ, ಮಲಗಿರಲಿ ಬಿಡಿ ಅಂತಾರೆ ನೆಂಟರು.

ಮಲಗಿರುವುದೇ ಅಪಾಯ. ಹಾಸಿಗೆ ಹಿಡಿದರೆ ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಿನ ಹುಣ್ಣು, ಮೂತ್ರದ ಸೋಂಕು, ಒಂದರ ಹಿಂದೆ ಒಂದು. ಸೊಂಟ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಬಹಳ ಕಡೆಯ ಲೆಕ್ಕ ಇದಕ್ಕಿಂತ ಹೆಚ್ಚು. ಆಪರೇಷನ್ ಮಾಡುವುದು ನೋವು ತಗ್ಗಿಸಿ ಬೇಗ ಎಬ್ಬಿಸಿ ಕೂರಿಸಲು. ಆರೋಗ್ಯ ತಡೆಯುವ ಹಾಗಿದ್ದರೆ ಒಂದೆರಡು ದಿನದೊಳಗೆ ಆದಷ್ಟೂ ಒಳ್ಳೆಯದು, ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. ತೀರಾ ಹೃದಯ, ಶ್ವಾಸಕೋಶ ಸೋತವರಿಗೆ ಬೇಡ ಅನ್ನುವ ನಿರ್ಧಾರವೂ ಇರಬಹುದು, ಅದನ್ನು ಡಾಕ್ಟರ್ ಜೊತೆ ಕೂತು ಮಾಡಬೇಕು, ನೆಂಟರ ಜೊತೆ ಅಲ್ಲ.

ಖರ್ಚಿನ ವಿಷಯ: ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಗಾಗಲಿ ಖಾಸಗಿಗಾಗಲಿ ಹೋಗುವಾಗ ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು ಜೊತೆಗಿರಲಿ. ಯೋಜನೆಯಲ್ಲಿ ಏನು ಬರುತ್ತದೆ ಅಂತ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ವಿಷಯಕ್ಕೆ ನೆರವಾಗಲು ಆಸ್ಪತ್ರೆಯಲ್ಲೇ ಇರುವವರು) ಅಡ್ಮಿಟ್ ಆಗುವ ಮುಂಚೆ ಕೇಳಿ.

ಕ್ಯಾಲ್ಸಿಯಂಗೆ ಏನು ತಿನ್ನಬೇಕು?

ದಿನಕ್ಕೆ ಸುಮಾರು 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ನಮ್ಮ ತೊಂದರೆ ಏನೆಂದರೆ ಮಲೆನಾಡಿನ ಊಟ ಅಕ್ಕಿಯದ್ದು. ಕಡುಬು, ರೊಟ್ಟಿ, ಗಂಜಿ ಎಲ್ಲ ಅಕ್ಕಿ, ಅದರಲ್ಲಿ ಕ್ಯಾಲ್ಸಿಯಂ ಲೆಕ್ಕಕ್ಕೇ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಬೆಳಿಗ್ಗೆ ರಾಗಿ ಅಂಬಲಿ, ಒಂದು ಲೋಟ ಹಾಲು (ಸುಮಾರು 240), ಊಟಕ್ಕೆ ಗಟ್ಟಿ ಮೊಸರು, ಎಳ್ಳು ಚಟ್ನಿ, ನುಗ್ಗೆ ಸೊಪ್ಪು. ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯುವ ಸಣ್ಣ ಮೀನು. ತಂಬುಳಿ ಒಳ್ಳೆಯದೇ, ಆದರೆ ನೀರು ಮಜ್ಜಿಗೆಯ ತಂಬುಳಿಯಲ್ಲಿ ಮಜ್ಜಿಗೆಗಿಂತ ನೀರೇ ಜಾಸ್ತಿ. ಬೇಳೆ, ಕಾಳು, ಮೊಟ್ಟೆ ಮರೆಯಬೇಡಿ, ಪ್ರೋಟೀನ್ ಇಲ್ಲದೆ ಕಾಲಿನ ಸ್ನಾಯು ನಿಲ್ಲುವುದಿಲ್ಲ. ರಾತ್ರಿ ಬರೀ ಗಂಜಿ ಉಪ್ಪಿನಕಾಯಿ ಸಾಕು ಅನ್ನುವ ಹಿರಿಯರೇ ಹೆಚ್ಚು ಸೋತಿರುತ್ತಾರೆ.

ಮಾತ್ರೆ ಬೇಕಾದರೆ ಒಂದು ಹೊತ್ತಿಗೆ 500 ಮಿಲಿಗ್ರಾಂ ಸಾಕು, ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಕಿಡ್ನಿ ಕಲ್ಲು ಆಗಿದ್ದವರು ಕೇಳದೆ ತಿನ್ನಬೇಡಿ.

ವಿಟಮಿನ್ ಡಿ? ನಮ್ಮಲ್ಲಿ ಜೂನ್‌ನಿಂದ ಬಿಸಿಲೇ ಇಲ್ಲ.

ಹೌದು, ಆಗುಂಬೆ, ಹುಲಿಕಲ್ ಕಡೆಯವರಿಗೆ ಬಿಸಿಲಿಗೆ ಹೋಗಿ ಅಂತ ಆಷಾಢದಲ್ಲಿ ಹೇಳಿದರೆ ನಗುತ್ತಾರೆ. ಅಡಿಕೆ ಸುಲಿಯುವ ಕಾಲ ಬಂದಾಗ ಅಂಗಳದ ಬಿಸಿಲು ಉಪಯೋಗಿಸಿಕೊಳ್ಳಿ. ಎಳೆಬಿಸಿಲು ಹಿತ, ಆದರೆ ವಿಟಮಿನ್ ಡಿ ಆಗುವುದು ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗಿನ ಬಿಸಿಲಿಗೆ, ಕೈ ಕಾಲು ತೆರೆದಿದ್ದಾಗ. ಗಾಜಿನ ಕಿಟಕಿಯ ಹಿಂದೆ ಕೂತರೆ ಆಗುವುದಿಲ್ಲ. ಕೊರತೆ ಇದ್ದರೆ ಡಾಕ್ಟರ್ 60,000 ಯೂನಿಟ್ಟಿನ ಪುಡಿ ಅಥವಾ ಮಾತ್ರೆಯನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ಕೆಲವು ವಾರ, ಅಷ್ಟೇ! ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ವಾರವಾರ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ತೊಂದರೆ ಬರುತ್ತದೆ. ಅದನ್ನು ದಿನಾ ತಿಂದವರೂ ಇದ್ದಾರೆ.

ಮೂಳೆ ಗಟ್ಟಿ ಮಾಡುವ ಔಷಧಿ ತಿಂದರೆ ದವಡೆ ಕೊಳೆಯುತ್ತಂತೆ, ಹೌದಾ?

ಆಗುವುದುಂಟು, ಆದರೆ ಆಸ್ಟಿಯೋಪೊರೋಸಿಸ್‌ಗೆ ಕೊಡುವ ಪ್ರಮಾಣದಲ್ಲಿ ಬಹಳ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಔಷಧಿ ಶುರುವಾಗುವ ಮುಂಚೆ ಮುಗಿಸಿ, ಆಮೇಲಾದರೆ ಹಲ್ಲಿನ ಡಾಕ್ಟರಿಗೆ ಹೇಳಿ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಲೋಟ ತುಂಬ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಕಾಫಿಯೂ ಕುಡಿಯಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ. ಇದು ಆಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ ಇದೆ, ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಆದರೆ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಡುವೆ ಬಿಟ್ಟರೆ ಮೂಳೆ ಮತ್ತೆ ವೇಗವಾಗಿ ಕರಗಿ ಬೆನ್ನಿನ ಮಣಿಗಳು ಮುರಿಯಬಹುದು. ಮಗ ಬೆಂಗಳೂರಿಂದ ಬರುವುದು ತಡ ಆಯಿತು ಅಂತ ಇಂಜೆಕ್ಷನ್ ಮುಂದೆ ಹಾಕಬೇಡಿ. ಹೊಸ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಕೂಡ ಇದೆ, ದಿನಾ ಚುಚ್ಚಿಕೊಳ್ಳಬೇಕು, ದುಬಾರಿ.

ಯೋಗ ಮಾಡಬಹುದಾ? ತೋಟಕ್ಕೆ ಹೋಗೋದು ನಿಲ್ಲಿಸಬೇಕಾ?

ಬೆನ್ನುಮೂಳೆ ದುರ್ಬಲ ಇರುವವರು ಮುಂದಕ್ಕೆ ಪೂರ್ತಿ ಬಗ್ಗುವ ಪಶ್ಚಿಮೋತ್ತಾನಾಸನ, ಹಲಾಸನದಂಥವು ಬಿಡಿ. ನನಗೆ ಬೇಕಾದದ್ದು ಇದಕ್ಕಿಂತ ಸರಳ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕಟ್ಟೆ ಪಕ್ಕದಲ್ಲೇ ಒಂಟಿ ಕಾಲಲ್ಲಿ ನಿಲ್ಲುವುದು. ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ.

ತೋಟ ನಿಲ್ಲಿಸಬೇಡಿ. ಎಪ್ಪತ್ತೈದರ ಯಜಮಾನರಿಗೆ ತೋಟ ಬಿಡಿಸಿ ಟಿವಿ ಮುಂದೆ ಕೂರಿಸಿದರೆ ಕಾಲು ಇನ್ನೂ ಬೇಗ ಸೋಲುತ್ತದೆ. ಆದರೆ ಮಳೆಗಾಲದಲ್ಲಿ ಒಬ್ಬರೇ ಬೇಡ, ಫೋನು ಜೇಬಲ್ಲಿರಲಿ, ಒದ್ದೆ ಅಡಿಕೆ ಹಾಳೆ ಮೆಟ್ಟಬೇಡಿ, ಕೈಹಿಡಿ ಇಲ್ಲದ ಕಾಲುಸಂಕ ದಾಟಬೇಡಿ. ದೊಣ್ಣೆ ಹಿಡಿಯಲು ನಾಚಿಕೆ ಆದರೆ ಕೊಡೆ ಹಿಡಿಯುತ್ತಾರೆ, ಕೊಡೆಯ ತುದಿ ಕಲ್ಲಿನ ಮೇಲೆ ಜಾರುತ್ತದೆ. ತುದಿಗೆ ರಬ್ಬರ್ ಬುಷ್ ಇರುವ ಕೋಲು, ಮಣಿಕಟ್ಟಿನ ಎತ್ತರಕ್ಕೆ ಕತ್ತರಿಸಿ ಕೊಡಿ. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು.

ಅಂಗಳದ ಹಾವಸೆಗೆ ಏನು ಮಾಡೋದು? ಎಷ್ಟು ಉಜ್ಜಿದರೂ ವಾರಕ್ಕೆ ಮತ್ತೆ ಬರುತ್ತೆ.

ಪೂರ್ತಿ ಅಂಗಳ ಗೆಲ್ಲಲು ಹೋಗಬೇಡಿ. ಹಿರಿಯರು ಓಡಾಡುವ ಒಂದು ದಾರಿ ಮಾತ್ರ, ಜಗಲಿಯಿಂದ ಕೊಟ್ಟಿಗೆಗೋ ತುಳಸಿಕಟ್ಟೆಗೋ, ಒರಟು ಕಾಂಕ್ರೀಟ್ ಅಥವಾ ಒರಟು ಕಲ್ಲು ಹಾಕಿಸಿ, ಪಕ್ಕಕ್ಕೆ ಒಂದು ಕೈಹಿಡಿ. ಸೋಗೆ ಹಾಸುವುದು ಹಳೇ ಉಪಾಯ, ಕೊಳೆಯುವ ಮುಂಚೆ ಬದಲಿಸುತ್ತಿದ್ದರೆ ಚೆನ್ನಾಗಿಯೇ ಇದೆ. ಮಳೆ ಬಿಡುವು ಕೊಟ್ಟ ದಿನ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಉಜ್ಜುವುದು ಮನೆಯ ಹುಡುಗರ ಕೆಲಸ, ಅಜ್ಜನದ್ದಲ್ಲ.